ಡೇಸಿಯಾ ಗೆದ್ದ ದಿನಾರಿಯಸ್: ಮುಖಕ್ಕಲ್ಲ, ಬೆನ್ನಿಗೆ ದುಡ್ಡು ಕೊಡಿ

ರೋಮನ್ ವಿಜಯ ನಾಣ್ಯ ಕೂಡಿಸಲು ಹೊರಟವರ ಕಣ್ಣು ಮೊದಲು ಬೀಳುವುದು ವೆಸ್ಪಾಸಿಯನ್ ಚಕ್ರವರ್ತಿ ಹೊರಡಿಸಿದ ‘ಯೂಡಿಯಾ ಕಾಪ್ಟಾ’ (ಯಹೂದಿ ನಾಡು ಸೆರೆಯಾಯಿತು) ಎಂಬ ಸೆಸ್ಟರ್ಷಿಯಸ್ ನಾಣ್ಯದ ಮೇಲೆ. ನಡುವೆ ಖರ್ಜೂರದ ಮರ, ಬುಡದಲ್ಲಿ ತಲೆ ತಗ್ಗಿಸಿ ಕೂತ ಹೆಂಗಸು, ಅಂಗೈ ತುಂಬುವ ಸುಮಾರು 25 ಗ್ರಾಂ ಹಿತ್ತಾಳೆ. ಮೊದಲ ಖರೀದಿಗೆ ಅದು ಬೇಡ. ರೋಮನ್ ನಾಣ್ಯದವರು, ಯಹೂದಿ ಇತಿಹಾಸದವರು, ಬೈಬಲ್ ಕಾಲದ ವಸ್ತು ಹುಡುಕುವವರು ಮೂವರೂ ಅದಕ್ಕೇ ಮುಗಿಬೀಳುವುದರಿಂದ ಬೆಲೆ ಕೈಗೆ ಸಿಗುವುದಿಲ್ಲ. ಸವೆದ ನಾಣ್ಯದ ಮೇಲೆ ಸೂಜಿಯಂಥ ಉಳಿಯಿಂದ ಹೊಸದಾಗಿ ಗೆರೆ ಕೆತ್ತಿ ‘ಚೆನ್ನಾಗಿ ಉಳಿದದ್ದು’ ಎಂದು ಮಾರುವ ಚಾಳಿಯೂ ದೊಡ್ಡ ಹಿತ್ತಾಳೆ ನಾಣ್ಯಗಳಲ್ಲೇ ಹೆಚ್ಚು. ಕಲಿಯುವುದಕ್ಕೆ ಟ್ರೇಜನ್ ಚಕ್ರವರ್ತಿಯ ಬೆಳ್ಳಿ ದಿನಾರಿಯಸ್ ವಾಸಿ. ಡೇಸಿಯಾ, ಅಂದರೆ ಈಗಿನ ರೊಮೇನಿಯಾ ಭಾಗವನ್ನು ಅವನು 101–102 ಮತ್ತು 105–106ರ ಎರಡು ಯುದ್ಧಗಳಲ್ಲಿ ಗೆದ್ದ. ಅಲ್ಲಿನ ದೊರೆ ಡೆಸೆಬಾಲಸ್ ಸೆರೆ ಸಿಗುವ ಮೊದಲೇ ಜೀವ ಕಳೆದುಕೊಂಡ. ಆ ಗೆಲುವನ್ನು ರೋಮಿನ ಟಂಕಸಾಲೆ ವರ್ಷಗಟ್ಟಲೆ ಬಗೆಬಗೆಯಾಗಿ ಅಚ್ಚೊತ್ತಿತು. ಹಾಗಾಗಿ ಮಾಲು ಸಿಗುತ್ತದೆ, ಹೋಲಿಸಿ ನೋಡಲೂ ಆಗುತ್ತದೆ.

ಕಾಲ ಹಿಡಿಯುವುದು ಹೇಗೆ? ಮೊದಲು ಬಿರುದು. ‘ಡಾಕಿಕಸ್’, ಅಂದರೆ ಡೇಸಿಯಾ ಗೆದ್ದವನು ಎಂಬ ಬಿರುದು ಟ್ರೇಜನ್‌ಗೆ ಬಂದದ್ದು 102ರ ಕೊನೆಗೆ. ಬರಹದಲ್ಲಿ ‘ಗೆರ್’ (ಜರ್ಮನರನ್ನು ಗೆದ್ದವನೆಂಬ ಹಿಂದಿನ ಬಿರುದು) ಮಾತ್ರ ಇದ್ದು, ಡಾಕಿಕಸ್‌ನ ಮೊಟಕು ರೂಪ ‘ಡಾಕ್’ ಇಲ್ಲದಿದ್ದರೆ ನಾಣ್ಯ ಅದಕ್ಕಿಂತ ಹಿಂದಿನದು. ಆಮೇಲೆ ‘ಕೋಸ್’ ಎಂಬ ಪದದ ಮುಂದಿನ ಅಂಕಿ: ರೋಮಿನ ಉನ್ನತ ಪದವಿಯಾದ ಕಾನ್ಸಲ್ ಎಷ್ಟನೇ ಸಲ ಆಗಿದ್ದಾನೆ ಎಂಬ ಲೆಕ್ಕ. ಐದನೆಯದು 103ರಿಂದ 111ರವರೆಗೆ, ಆರನೆಯದು 112ರಿಂದ ಮುಂದಕ್ಕೆ. ಇಲ್ಲೊಂದು ತೊಡಕಿದೆ. ಬೇರೆ ಚಕ್ರವರ್ತಿಗಳ ನಾಣ್ಯದಲ್ಲಿ ‘ಟ್ರ್ ಪ್’ ಎಂಬ, ವರ್ಷವರ್ಷವೂ ನವೀಕರಿಸುವ ಟ್ರಿಬ್ಯೂನ್ ಅಧಿಕಾರದ ಮುಂದೆ ವರ್ಷದ ಅಂಕಿ ಇರುವುದುಂಟು. ಟ್ರೇಜನ್‌ನ ಈ ನಾಣ್ಯಗಳಲ್ಲಿ ಅಂಕಿಯೇ ಇಲ್ಲ. ಹಾಗಾಗಿ ಐದನೇ ಕಾನ್ಸಲ್ ಕಾಲದ ಒಂಬತ್ತು ವರ್ಷ ಒಂದೇ ಮುದ್ದೆಯಾಗಿ ನಿಲ್ಲುತ್ತದೆ. ನಾಣ್ಯತಜ್ಞ ಬರ್ನ್‌ಹಾರ್ಡ್ ವೊಯ್ಟೆಕ್ 2010ರಲ್ಲಿ ತಂದ ನಾಣ್ಯಸೂಚಿ ಮುಖದ ಕೆತ್ತನೆ, ಭುಜದ ಬಟ್ಟೆ, ಬರಹದ ಸಣ್ಣ ವ್ಯತ್ಯಾಸಗಳನ್ನು ಜೋಡಿಸಿ ಅದನ್ನು ಬಿಡಿಸುತ್ತದೆ. 1926ರ ಹಳೆಯ ಸೂಚಿಯ ಸಂಖ್ಯೆಯನ್ನಷ್ಟೇ ಬರೆದ ಚೀಟಿಯಲ್ಲಿ ‘ಕ್ರಿ.ಶ. 106’ ಎಂದು ಖಚಿತವಾಗಿ ನಮೂದಿಸಿದ್ದರೆ, ಅದು ಯುದ್ಧ ಮುಗಿದ ವರ್ಷ ನೋಡಿ ಮಾರುವವರು ಹಾಕಿದ ಅಂದಾಜು ಇರಬಹುದು.

ಇನ್ನು ಹಿಂಬದಿ. ಈ ಸಂಗ್ರಹದ ಜೀವ ಇರುವುದೇ ಅಲ್ಲಿ. ಗುರಾಣಿ, ಆಯುಧಗಳ ರಾಶಿಯ ಮೇಲೆ ಕುಳಿತ ಡೇಸಿಯನ್, ಕೆಳಗೆ ‘ಡಾಕ್ ಕಾಪ್’ ಎಂಬ ಬರಹ: ಡೇಸಿಯಾ ಸೆರೆಯಾಯಿತು ಎಂದು. ಗುರಾಣಿಯ ಮೇಲೆ ‘ಡಾಕಿಕಾ’ ಎಂದು ಬರೆಯುತ್ತಿರುವ ವಿಜಯದೇವತೆ. ಒರಗಿ ಮಲಗಿದ ಡ್ಯಾನ್ಯೂಬ್ ನದಿಯ ದೇವರು. ಡೇಸಿಯನ್ನನ ಮೇಲೆ ಕಾಲಿಟ್ಟು ನಿಂತ ಶಾಂತಿದೇವತೆ, ಹೆಸರು ಪಾಕ್ಸ್. ಶಾಂತಿ ಎಂದರೆ ಏನು ಎಂಬುದಕ್ಕೆ ರೋಮ್ ಕೊಟ್ಟ ವ್ಯಾಖ್ಯೆ ಅಷ್ಟೇ! ಈ ಕೊನೆಯ ಬಗೆ ಹುಡುಕುವವರಿಗೆ ಒಂದು ಲಾಭವಿದೆ. ಸುತ್ತಲಿನ ಬರಹ ಸೆನೆಟ್ ಮತ್ತು ಜನರು ‘ಅತ್ಯುತ್ತಮ ದೊರೆಗೆ’ ಅರ್ಪಿಸಿದ್ದು ಎಂದಷ್ಟೇ ಹೇಳುತ್ತದೆ, ಡೇಸಿಯಾದ ಹೆಸರೇ ಅದರಲ್ಲಿಲ್ಲ. ಕಾಲಡಿಯ ಪುಟ್ಟ ಆಕೃತಿ ಕಣ್ತಪ್ಪಿ, ಬರೀ ‘ಪಾಕ್ಸ್’ ಎಂದು ಸಾಧಾರಣ ಬೆಲೆಗೆ ಪಟ್ಟಿ ಸೇರುವುದುಂಟು. ಡೇಸಿಯನ್ನನನ್ನು ಗುರುತಿಸುವುದು ಷರಾಯಿ, ಮುಂದಕ್ಕೆ ಬಾಗಿದ ಟೋಪಿ, ಬಾಗಿದ ಕತ್ತಿಯಿಂದ.

ಪಕ್ಕದಲ್ಲೇ ಅರೇಬಿಯಾದ ದಿನಾರಿಯಸ್ ಇಟ್ಟು ನೋಡಿ. 106ರಲ್ಲಿ ರೋಮ್ ಆ ಪ್ರಾಂತವನ್ನೂ ಸೇರಿಸಿಕೊಂಡಿತು. ಆದರೆ ನಾಣ್ಯದ ಮೇಲಿರುವುದು ‘ಅರಬ್ ಅಡ್‌ಕ್ವ್’: ‘ಸಂಪಾದಿಸಿದ್ದು’ ಎಂಬ ಮಾತು, ‘ಸೆರೆಹಿಡಿದದ್ದು’ ಅಲ್ಲ. ಕೈಕಟ್ಟಿದ ಸೆರೆಯಾಳಿಲ್ಲ, ಕೊಂಬೆ ಹಿಡಿದು ನಿಂತ ಹೆಣ್ಣು, ಕಾಲ ಬಳಿ ಒಂಟೆ. ಆ ಒಂಟೆಯ ಅಳತೆ ಎಷ್ಟು ಚಿಕ್ಕದೆಂದರೆ ಸವೆದ ನಾಣ್ಯದಲ್ಲಿ ಉಷ್ಟ್ರಪಕ್ಷಿ ಅನ್ನಿಸಿಬಿಡುತ್ತದೆ.

ಕೊಳ್ಳುವಾಗ ಹೆಚ್ಚಿನವರು ಚಕ್ರವರ್ತಿಯ ಮೂಗು, ಕೂದಲು ನೋಡಿ ದುಡ್ಡು ಕೊಡುತ್ತಾರೆ. ವಿಜಯ ನಾಣ್ಯದಲ್ಲಿ ಇದು ತಲೆಕೆಳಗು ಲೆಕ್ಕ. ಕೈಯಿಂದ ಹೊಡೆದ ನಾಣ್ಯದಲ್ಲಿ ಮೇಲಿನ ಅಚ್ಚು ಸ್ವಲ್ಪ ಜಾರಿದರೂ ಚಿತ್ರ ಪಕ್ಕಕ್ಕೆ ಸರಿಯುತ್ತದೆ. ಕೆಳಗೆ 2 ಮಿಲಿಮೀಟರ್ ತಪ್ಪಿದರೆ ‘ಡಾಕ್ ಕಾಪ್’ ಹೊರಗೇ ಉಳಿಯಿತು. ಕೈಯಲ್ಲಿರುವುದು ಹೆಸರಿಲ್ಲದ ಸೆರೆಯಾಳು. ಮುಖ ಅರ್ಧ ಸವೆದು, ಹಿಂಬದಿಯ ಹೆಸರು ಪೂರ್ತಿ ಓದಲು ಬರುವ ನಾಣ್ಯವೇ ಮೇಲು.

ಅಸಲಿತನಕ್ಕೆ ಬೇಕಾದ ಸಾಮಾನು ಮೂರು: 0.01 ಗ್ರಾಂ ತೋರಿಸುವ ತಕ್ಕಡಿ, 10 ಪಟ್ಟು ದೊಡ್ಡದಾಗಿಸುವ ಭೂತಕನ್ನಡಿ, ಬಾಗಿದ ಕತ್ತಿನ ಟೇಬಲ್ ದೀಪ. ಟ್ರೇಜನ್ ದಿನಾರಿಯಸ್ ಸಾಮಾನ್ಯವಾಗಿ 3ರಿಂದ 3.5 ಗ್ರಾಂ, ಅಡ್ಡಳತೆ 18–19 ಮಿ.ಮೀ. ತೂಕ 2.6ಕ್ಕೆ ಇಳಿದಿದ್ದರೆ ಒಳಗೆ ತಾಮ್ರ, ಮೇಲೆ ಬೆಳ್ಳಿ ತಗಡು ಹೊದಿಸಿದ ನಾಣ್ಯವೇ ಎಂದು ಪರೀಕ್ಷಿಸಿ ನೋಡಿ. ಆ ಮೋಸ ರೋಮನ್ನರ ಕಾಲದ್ದೇ. ಕೂದಲಿನ ಉಬ್ಬಿನಲ್ಲಿ, ಅಂಚಿನಲ್ಲಿ ಬೆಳ್ಳಿ ಹರಿದು ಕಂದು ಅಥವಾ ಹಸಿರು ಇಣುಕುತ್ತದೆ. ಎರಕ ಹೊಯ್ದ ನಕಲಿಗೆ ಬೇರೆ ಗುರುತು: ಅಕ್ಷರದ ಬುಡ ಸೋಪಿನಂತೆ ಕರಗಿರುತ್ತದೆ, ಸಪಾಟು ಜಾಗದಲ್ಲಿ ಗಾಳಿಗುಳ್ಳೆಯ ದುಂಡು ಕುಳಿ, ಅಂಚಿನ ಸುತ್ತ ಜೋಡಣೆಯ ಗೆರೆ ಅಥವಾ ಅದನ್ನು ಉಜ್ಜಿದ ಅರದ ಗೀರು. ಅಚ್ಚು ಹೊಡೆದು ಮಾಡಿದ ಹೊಸ ನಕಲಿಯಲ್ಲಿ ಇದ್ಯಾವುದೂ ಸಿಗುವುದಿಲ್ಲ, ಅದೇ ಕಷ್ಟ. ಆಗ ಹಳೆಯ ಹರಾಜು ಚಿತ್ರಗಳೊಂದಿಗೆ ಹೋಲಿಸಬೇಕು. ಒಂದೇ ಅಚ್ಚಿನ ಎರಡು ಅಸಲಿ ನಾಣ್ಯ ಇರಬಹುದು. ಆದರೆ ಒಂದೇ ಜಾಗದಲ್ಲಿ ಒಂದೇ ಗೀರು, ಒಂದೇ ಅಂಚಿನ ಸೀಳು ಇರುವ ಎರಡು ನಾಣ್ಯ ಇರಲಾರವು.

ನೀರಿನಲ್ಲಿ ತೂಗಿ ಸಾಂದ್ರತೆ ನೋಡುವ ಚಿನಿವಾರರ ಉಪಾಯವನ್ನು ಇಲ್ಲಿ ಅತಿಯಾಗಿ ನಂಬಬೇಡಿ. 3.2 ಗ್ರಾಂ ನಾಣ್ಯ ಸರಿಸುವ ನೀರು ಸುಮಾರು 0.31 ಗ್ರಾಂ. ತಕ್ಕಡಿ 0.01 ತಪ್ಪಿದರೆ ಸಾಂದ್ರತೆ 10ರಿಂದ 10.7ರವರೆಗೆ ಓಲಾಡುತ್ತದೆ. ಬೆಳ್ಳಿ ಎಷ್ಟು ಶುದ್ಧ ಎಂದು ಅದರಿಂದ ತಿಳಿಯದು. ಒಳಗೆ ಪೂರ್ತಿ ತಾಮ್ರವಿದ್ದರೆ ಮಾತ್ರ 9ರ ಹತ್ತಿರ ಇಳಿದು ಸುಳಿವು ಕೊಡುತ್ತದೆ.

ತೊಳೆಯುವ ವಿಷಯದಲ್ಲಿ ನಮ್ಮ ಮನೆಗಳ ರೂಢಿಯೇ ನಾಣ್ಯದ ಶತ್ರು. ಹುಣಸೆಹಣ್ಣು, ನಿಂಬೆರಸ, ವಿಭೂತಿ, ಪಾತ್ರೆ ಬೆಳಗುವ ಪುಡಿ ಯಾವುದೂ ಕೂಡದು. ನೂರಾರು ವರ್ಷ ಮಣ್ಣಲ್ಲಿದ್ದ ಬೆಳ್ಳಿ ಒಳಗೆ ಹರಳುಗಟ್ಟಿ ಗಾಜಿನಂತಾಗಿರುತ್ತದೆ; ನೆಲಕ್ಕೆ ಬಿದ್ದರೆ ಎರಡು ಹೋಳು. ಭಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿದರೆ ಸಾಕು. ಹೊಸ ರೇನ್‌ಕೋಟಿನ ವಾಸನೆ ಬರುವ ಮೆತ್ತನೆ ಪ್ಲಾಸ್ಟಿಕ್ ಆಲ್ಬಮ್ ಪಿವಿಸಿಯದು. ಕಾಲಕ್ರಮೇಣ ನಾಣ್ಯಕ್ಕೆ ಹಸಿರು ಅಂಟು ಬಿಡುತ್ತದೆ. ಅಂಟಿದ್ದರೆ ಶುದ್ಧ ಅಸಿಟೋನ್, ಕಿಟಕಿ ತೆರೆದಿಟ್ಟು, ಬೆಂಕಿಯಿಂದ ದೂರ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯೊಳಗೆ ಸಿಲಿಕಾ ಜೆಲ್ ಇರಲಿ, ಬಣ್ಣ ತಿರುಗಿದ ಕೂಡಲೇ ಬದಲಿಸಿ. ಹಿತ್ತಾಳೆ ಸೆಸ್ಟರ್ಷಿಯಸ್ ಮೇಲೆ ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಕ್ಲೋರೈಡಿನ ರೋಗ. ಅದನ್ನು ಮೊದಲು ಬೇರೆ ಡಬ್ಬಿಗೆ ಹಾಕಿ.

ಕೊನೆಯದಾಗಿ ಊರಿನ ಕಥೆ ಕಟ್ಟಿ ಮಾರುವವರ ಬಗ್ಗೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ಸಿಕ್ಕಿದ್ದು ನಿಜ. ಆದರೆ ದಕ್ಷಿಣ ಭಾರತದ ಬೆಳ್ಳಿ ನಿಧಿಗಳಲ್ಲಿ ತುಂಬಿರುವುದು ಆಗಸ್ಟಸ್, ಟೈಬೀರಿಯಸ್ ನಾಣ್ಯಗಳು. 64ರ ಸುಮಾರಿಗೆ ನೀರೋ ದಿನಾರಿಯಸ್‌ನ ತೂಕ ಮತ್ತು ಬೆಳ್ಳಿ ಇಳಿಸಿದ ಮೇಲಿನವು ಇಲ್ಲಿ ಅಪರೂಪ. ‘ನಮ್ಮ ಹೊಲದಲ್ಲೇ ಸಿಕ್ಕಿತು’ ಎಂದು ಟ್ರೇಜನ್‌ನ ಡೇಸಿಯಾ ನಾಣ್ಯ ಚಾಚಿದರೆ ಕಥೆ ಸುಳ್ಳಿರುವ ಸಂಭವವೇ ಹೆಚ್ಚು. ನಿಜವಾದರೆ ಇನ್ನೂ ಕಷ್ಟ: ನಿಧಿ ಕಾಯ್ದೆಯಂತೆ ನೆಲದಲ್ಲಿ ಸಿಕ್ಕ ನಿಧಿಯ ಸುದ್ದಿ ಕಲೆಕ್ಟರಿಗೆ ಹೋಗಬೇಕು, ನಿಮ್ಮ ಜೇಬಿಗಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಡಿ ಪುರಾವಸ್ತು. ಅದನ್ನು ಖಾಸಗಿಯಾಗಿ ದೇಶದ ಹೊರಗೆ ಕಳಿಸುವಂತಿಲ್ಲ. ಹೊರದೇಶದಲ್ಲಿ ಕೊಂಡದ್ದಾದರೆ ರಸೀದಿ, ಹರಾಜಿನ ಸಂಖ್ಯೆ, ಹಳೆಯ ಸಂಗ್ರಹದ ಚೀಟಿ ಮೂರನ್ನೂ ನಾಣ್ಯದ ಲಕೋಟೆಯ ಹಿಂದೆಯೇ ಇಡಿ, ಬೇರೆ ಕಡತದಲ್ಲಲ್ಲ.