ಸರ್ಟಿಫಿಕೇಟ್ ಇದ್ದರೆ ಸಹಿ ಅಸಲಿಯೇ?

ಪ್ರಶ್ನೆ: ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟದ ಕಾಲದ ಪುಸ್ತಕವೊಂದು ಮಾರಾಟಕ್ಕಿದೆ. ಮೊದಲ ಮುದ್ರಣ, ಲೇಖಕರ ಸಹಿ ಇದೆ, ಸರ್ಟಿಫಿಕೇಟೂ ಕೊಡ್ತಾರಂತೆ. ಕೊಳ್ಳಬಹುದಾ?

ಒಮ್ಮೆ ಮಾರ್ಟಿನ್ ಲೂಥರ್ ಕಿಂಗ್ ಪುಸ್ತಕ, ಒಮ್ಮೆ ಲೇಖಕ ಜೇಮ್ಸ್ ಬಾಲ್ಡ್‌ವಿನ್ ಅವರದು, ಒಮ್ಮೆ ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಅವರದು. ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ!

ಮುದ್ರಣದ ವಿಷಯ ಬೇಗ ಮುಗಿಸೋಣ. ಮಾರ್ಟಿನ್ ಲೂಥರ್ ಕಿಂಗ್ ಅವರ ಮೊದಲ ಪುಸ್ತಕ ‘ಸ್ಟ್ರೈಡ್ ಟುವರ್ಡ್ ಫ್ರೀಡಂ’ 1958ರಲ್ಲಿ ಹಾರ್ಪರ್ ಪ್ರಕಾಶನದಿಂದ ಬಂತು. ಕಾಪಿರೈಟ್ ಪುಟದಲ್ಲಿ ‘ಫಸ್ಟ್ ಎಡಿಷನ್’ ಅಂತ ಇರಬೇಕು. ಡಸ್ಟ್ ಜಾಕೆಟ್‌ನ (ರಟ್ಟಿನ ಮೇಲಿನ ಕಾಗದದ ಹೊದಿಕೆ) ಒಳಮಡಿಕೆಯಲ್ಲಿ ಬೆಲೆಯೇ ಅಚ್ಚಾಗಿಲ್ಲದಿದ್ದರೆ, ಸದಸ್ಯರಿಗಾಗಿ ಬೇರೆಯಾಗಿ ಅಚ್ಚು ಹಾಕಿಸುವ ಬುಕ್ ಕ್ಲಬ್ ಪ್ರತಿಯೇನೋ ಅಂತ ಅನುಮಾನಪಡಿ.

ಈಗ ಸರ್ಟಿಫಿಕೇಟ್. ಬರೆದವರು ಯಾರು? ಬಹಳ ಸಲ ಮಾರುವವರೇ. ತಮ್ಮ ಸರಕಿಗೆ ತಾವೇ ಸಾಕ್ಷಿ! ದಪ್ಪ ಕಾಗದ, ಹೊಳೆಯುವ ಸ್ಟಿಕರ್ ಇದ್ದರೆ ನಾನೂ ಒಂದು ಮಾಡಿಕೊಡುತ್ತೇನೆ. ಮಾಲ್ಕಮ್ ಎಕ್ಸ್ ಆತ್ಮಕಥೆಯನ್ನೇ ನೋಡಿ. ಅವರ ಕೊಲೆಯಾದದ್ದು 1965ರ ಫೆಬ್ರವರಿ 21ರಂದು. ಗ್ರೋವ್ ಪ್ರೆಸ್ ಪುಸ್ತಕ ತಂದದ್ದು ಅದೇ ವರ್ಷದ ಕೊನೆಯ ಹೊತ್ತಿಗೆ. ಅಂದಮೇಲೆ ಅದರ ಪುಟದ ಮೇಲೆ ಅವರು ಸಹಿ ಹಾಕಿದ್ದು ಯಾವಾಗ? ಹತ್ತು ಸರ್ಟಿಫಿಕೇಟ್ ಇಟ್ಟರೂ ಅದು ನಕಲಿಯೇ. ಸಿಕ್ಕರೆ ಜೊತೆಗೂಡಿ ಬರೆದ ಅಲೆಕ್ಸ್ ಹೇಲಿ ಅವರ ಸಹಿ ಸಿಕ್ಕೀತು.

‘ಕಿಂಗ್ ಬದುಕಿದ್ದರಲ್ವಾ ಸಾರ್?’ ಅಂತೀರಿ. ಹೌದು. 1958ರ ಸೆಪ್ಟೆಂಬರ್ 20ರಂದು ನ್ಯೂಯಾರ್ಕಿನ ಹಾರ್ಲೆಮ್‌ನ ಬ್ಲಮ್‌ಸ್ಟೈನ್ಸ್ ಅಂಗಡಿಯಲ್ಲಿ ‘ಸ್ಟ್ರೈಡ್ ಟುವರ್ಡ್ ಫ್ರೀಡಂ’ ಪ್ರತಿಗಳಿಗೆ ಸಹಿ ಹಾಕುತ್ತಾ ಕುಳಿತಿದ್ದಾಗಲೇ ಮಹಿಳೆಯೊಬ್ಬಳು ಅವರ ಎದೆಗೆ ಲಕೋಟೆ ಬಿಡಿಸುವ ಚೂರಿಯಿಂದ ಇರಿದಳು. ಅವರು ಸಹಿ ಹಾಕುತ್ತಿದ್ದರು ಅನ್ನುವುದು ಖರೆ. ನಿಮಗೆ ತೋರಿಸಿದ ಸಹಿ ಅವರದೇ ಅನ್ನುವುದಕ್ಕೆ ಅದು ಪುರಾವೆಯಲ್ಲ. ಅದೇ ವರ್ಷಗಳ ಅಸಲಿ ಸಹಿಗಳ ಜೊತೆ ಹೋಲಿಸಿ. ಪುಸ್ತಕ ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಕೇಳಿ. ಮುಂದೆ ಯಾವಾಗ ನಕಲಿ ಅಂತ ತಿಳಿದರೂ ಹಣ ವಾಪಸ್ ಅಂತ ಬರೆದುಕೊಡಲಿ. ಒಪ್ಪದವರ ಹತ್ತಿರ ಸುಮ್ನೆ ಚೌಕಾಸಿ ಮಾಡಬೇಡಿ.

ಇನ್ನೊಂದು. ಸಹಿಯ ಜೊತೆ ‘ಇಂಥವರಿಗೆ’ ಅಂತ ಬೇರೆಯವರ ಹೆಸರಿದ್ದರೆ ಜನ ಮೂಗು ಮುರಿಯುತ್ತಾರೆ. ನನಗೆ ಬರೀ ಸಹಿಗಿಂತ ಅದೇ ಇಷ್ಟ. ಎರಡು ಸಾಲಿನ ಕೈಬರಹ ನಕಲು ಮಾಡುವುದು ಜಾಸ್ತಿ ಕಷ್ಟ. ಹೆಸರು ಹೋರಾಟದ ಸಂಗಾತಿಯದಾದರೆ ಬೆಲೆ ಏರುವುದೇ ಹೆಚ್ಚು. ಕಿಂಗ್ ದಂಪತಿ 1959ರ ಫೆಬ್ರವರಿ, ಮಾರ್ಚ್‌ನಲ್ಲಿ ಭಾರತ ಸುತ್ತಿದ್ದರು. ಹಾಗಾಗಿ ಭಾರತೀಯರ ಹೆಸರು, ಆ ತಿಂಗಳ ತಾರೀಖು ಇರುವ ಪ್ರತಿ ಕಂಡರೆ ತಳ್ಳಿಹಾಕಬೇಡಿ. ಆ ದಿನ ಅವರು ಯಾವ ಊರಲ್ಲಿದ್ದರು ಅಂತ ಮೊದಲು ನೋಡಿ.