ಬ್ಲ್ಯಾಕ್‌ಗೇಟ್ ಬಗ್ಗೆ ಯಾರ ಮಾತನ್ನು ನಂಬಬೇಕು?

ಪ್ರಶ್ನೆ: ಪತ್ತೇದಾರಿಕೆ ಬೆರೆತ ಆಕ್ಷನ್ ಪ್ಲಾಟ್‌ಫಾರ್ಮರ್ ಗೇಮ್‌ಗಳೆಂದರೆ (ಹಾರುತ್ತಾ, ಹತ್ತುತ್ತಾ, ಹೊಡೆದಾಡುತ್ತಾ ಸಾಗುವಂಥವು) ನನಗೆ ಇಷ್ಟ. ‘ಬ್ಯಾಟ್‌ಮನ್: ಆರ್ಖಮ್ ಒರಿಜಿನ್ಸ್ ಬ್ಲ್ಯಾಕ್‌ಗೇಟ್’ ಆಡೋಣವೆಂದುಕೊಂಡು ವಿಮರ್ಶೆಗಳನ್ನು ಓದಿದರೆ ಒಬ್ಬರು ಮೆಚ್ಚುತ್ತಾರೆ, ಇನ್ನೊಬ್ಬರು ಬೇಸರ ಹುಟ್ಟಿಸುತ್ತದೆ ಎನ್ನುತ್ತಾರೆ. ಯಾರನ್ನು ನಂಬಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ‘ಪತ್ತೇದಾರಿಕೆ’ಯೇ ನಿಮಗೆ ಮುಖ್ಯವಾದರೆ, ಬೇಸರಪಟ್ಟವರನ್ನು ನಂಬಿ. ಹೊಡೆದಾಟ, ಗೋಡೆ ಹತ್ತುವುದು, ಕತ್ತಲಲ್ಲಿ ಹೊಂಚು ಹಾಕುವುದು ಸಾಕೆನಿಸಿದರೆ ಮೆಚ್ಚಿದವರ ಮಾತೂ ಸುಳ್ಳಲ್ಲ. ಇಬ್ಬರೂ ಆಡಿದ್ದು ಒಂದೇ ಗೇಮ್, ಆದರೆ ಅದರಿಂದ ಅವರು ಬಯಸಿದ್ದು ಬೇರೆ ಬೇರೆ.

ಬ್ಲ್ಯಾಕ್‌ಗೇಟ್ 2013ರ ಅಕ್ಟೋಬರ್‌ನಲ್ಲಿ ನಿಂಟೆಂಡೊ 3ಡಿಎಸ್ ಮತ್ತು ಪ್ಲೇಸ್ಟೇಷನ್ ವೀಟಾ ಎಂಬ ಎರಡು ಕೈಗೇಮ್ ಯಂತ್ರಗಳಿಗೆ ಬಂತು. ದೊಡ್ಡ ಕನ್ಸೋಲ್‌ಗಳಿಗೆ ಬಂದ ‘ಆರ್ಖಮ್ ಒರಿಜಿನ್ಸ್’ನ ಜೊತೆಗಾರ ಇದು. ಅಲ್ಲಿನ ಕಥೆ ಮುಗಿದ ಮೂರು ತಿಂಗಳಿಗೆ ಬ್ಲ್ಯಾಕ್‌ಗೇಟ್ ಜೈಲಿನಲ್ಲಿ ದಂಗೆಯೇಳುತ್ತದೆ. ಜೋಕರ್, ಪೆಂಗ್ವಿನ್, ಬ್ಲ್ಯಾಕ್ ಮಾಸ್ಕ್ ಮೂವರೂ ಜೈಲಿನ ಒಂದೊಂದು ಭಾಗವನ್ನು ವಶಪಡಿಸಿಕೊಂಡಿರುತ್ತಾರೆ, ಬ್ಯಾಟ್‌ಮನ್ ಒಳನುಗ್ಗುತ್ತಾನೆ. ಯಾರನ್ನು ಮೊದಲು ಮಣಿಸಬೇಕೆಂಬುದು ಆಟಗಾರರ ಇಚ್ಛೆ. ಈ ಸ್ವಾತಂತ್ರ್ಯವನ್ನು ಹಲವು ವಿಮರ್ಶಕರು ಮೆಚ್ಚಿದರು. ಮೂರು ಆಯಾಮದ ಗೇಮ್‌ಗಳಲ್ಲಿ ಹೆಸರು ಮಾಡಿದ್ದ ಸರಣಿಯ ಹೊಡೆದಾಟವನ್ನು ಪಕ್ಕದಿಂದ ನೋಡುವ ಚೌಕಟ್ಟಿಗೆ ಇಳಿಸಿದ ಬಗೆಯನ್ನೂ ಹೊಗಳಿದರು. ಏಟು ಕೊಡುವುದು, ಎದುರಾಳಿಯ ಏಟನ್ನು ಸರಿಯಾದ ಕ್ಷಣಕ್ಕೆ ತಡೆದು ತಿರುಗಿಸುವುದು, ಆ ಲಯ ಇಲ್ಲಿಯೂ ಉಳಿದಿದೆ.

ಜಗಳ ಹುಟ್ಟಿದ್ದು ‘ಡಿಟೆಕ್ಟಿವ್ ಮೋಡ್’ ಸುತ್ತ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು. ಒಂದು ಕೋಣೆಗೆ ಬಂದಿದ್ದೀರಿ, ಮುಂದಿನ ದಾರಿ ಕಾಣುತ್ತಿಲ್ಲ. ಮೋಡ್ ಒತ್ತಿದರೆ ದೃಶ್ಯದ ಬಣ್ಣವೇ ಬದಲಾಗಿ, ಒಡೆಯಬಹುದಾದ ಗೋಡೆ, ಗಾಳಿ ಕೊಳವೆಯ ಜಾಲರಿ, ಹಗ್ಗ ಹಾಕಬಹುದಾದ ಕೊಕ್ಕೆ ಎಲ್ಲವೂ ಎದ್ದು ಕಾಣುತ್ತವೆ. ಅನುಮಾನ ಬಂದ ಜಾಗವನ್ನು ಒಂದಿಷ್ಟು ಹೊತ್ತು ಸ್ಕ್ಯಾನ್ ಮಾಡಿದರೆ ಅದು ಏನು, ಅದಕ್ಕೆ ಯಾವ ಸಾಧನ ಬೇಕು ಎಂಬುದನ್ನು ಗೇಮ್ ಬರೆದು ತೋರಿಸುತ್ತದೆ. ಮುಂದಿನ ಕೋಣೆಯಲ್ಲೂ ಅದೇ ಕೆಲಸ, ಅದರ ಮುಂದಿನದರಲ್ಲೂ ಅದೇ. ಹೀಗೆ ಗೇಮ್ ಸಾಗಿದಂತೆ ನಿಲ್ಲು, ಸ್ಕ್ಯಾನ್ ಮಾಡು, ಕಾಯಿ, ಮುಂದೆ ಹೋಗು ಎಂಬ ಸರಪಳಿ ಉಳಿಯುತ್ತದೆ.

ಇದರಲ್ಲಿ ಪತ್ತೆ ಹಚ್ಚುವುದು ಏನಿದೆ? ನನ್ನ ಆಕ್ಷೇಪ ಇದೇ. ಪತ್ತೇದಾರಿಕೆಗೆ ಮುಖ್ಯವಾದದ್ದು ಸುಳಿವು ಸಿಗುವುದಲ್ಲ, ಎರಡು ಸುಳಿವುಗಳ ನಡುವಿನ ನಂಟನ್ನು ಮನಸ್ಸು ತಾನೇ ಕಾಣುವುದು. ಗೋಡೆಯ ಬಿರುಕನ್ನು ಕಣ್ಣು ತಾನೇ ಗಮನಿಸಿ ‘ಇಲ್ಲೇನೋ ಇದೆ’ ಎಂದು ಅನುಮಾನಿಸುವ ಆ ಕ್ಷಣವನ್ನು ಬಟನ್ ಕಸಿದುಕೊಳ್ಳುತ್ತದೆ. ಸರಣಿಯ ಮೊದಲ ಗೇಮ್, 2009ರ ‘ಆರ್ಖಮ್ ಅಸೈಲಮ್’ ಬಂದಾಗಲೂ, ಆಟಗಾರರು ಇದೇ ಮೋಡ್‌ನಲ್ಲಿ ಆಟದುದ್ದಕ್ಕೂ ಉಳಿದು ಅಷ್ಟು ಶ್ರಮದಿಂದ ರೂಪಿಸಿದ ಪರಿಸರವನ್ನು ನೋಡುವುದೇ ಇಲ್ಲ ಎಂಬ ಟೀಕೆ ಕೇಳಿಬಂದಿತ್ತು. ಬ್ಲ್ಯಾಕ್‌ಗೇಟ್‌ನಲ್ಲಿ ಅದು ಇನ್ನಷ್ಟು ಬಲವಾಯಿತು. ಇಲ್ಲಿ ಮೋಡ್ ಬಳಸದೆ ದಾರಿಯೇ ಸಿಗುವುದಿಲ್ಲ.

ನಕ್ಷೆಯ ದೂರು ಇದಕ್ಕೆ ಸೇರಿಕೊಂಡಿತು. ಜೈಲು ಪಕ್ಕದಿಂದ ಕಂಡರೂ ಅದರ ಕಟ್ಟಡ ಒಂದೇ ಸಾಲಿನಲ್ಲಿಲ್ಲ. ಓಣಿಗಳು ಆಳಕ್ಕೆ ತಿರುಗುತ್ತವೆ, ಬಾಗಿಲು ದಾಟಿದರೆ ಕ್ಯಾಮೆರಾ ಕೋನ ಬದಲಾಗುತ್ತದೆ. ನಕ್ಷೆ ಮಾತ್ರ ಚಪ್ಪಟೆ. ಹಳೆಯ ಜಾಗಕ್ಕೆ ಮತ್ತೆ ಮತ್ತೆ ಮರಳಬೇಕಾದ ಗೇಮ್‌ನಲ್ಲಿ ಇದು ಸಣ್ಣ ಕೊರತೆಯಲ್ಲ. ಹೊಸ ಸಾಧನ ಕೈಗೆ ಬಂದ ಮೇಲೆ ಆ ಮುಚ್ಚಿದ ಬಾಗಿಲು ಯಾವ ಕಡೆಯಿತ್ತೆಂದು ನೆನಪಿಸಿಕೊಳ್ಳುವುದೇ ಒಂದು ಕೆಲಸವಾಗುತ್ತದೆ. ಗೇಮ್ ತಯಾರಿಸಿದ ಆರ್ಮೇಚರ್ ಸ್ಟುಡಿಯೊವನ್ನು ಕಟ್ಟಿದವರು 2002ರ ‘ಮೆಟ್ರಾಯ್ಡ್ ಪ್ರೈಮ್’ ಗೇಮ್ ರೂಪಿಸಿದ ತಂಡದಿಂದ ಬಂದವರು ಎಂಬುದು ಈ ಕೊರತೆಯನ್ನು ಇನ್ನಷ್ಟು ಕಾಡುವಂತೆ ಮಾಡುತ್ತದೆ. ಮೆಟ್ರಾಯ್ಡ್ ಪ್ರೈಮ್‌ನಲ್ಲಿ ತಿರುಗಿಸಿ ನೋಡಬಹುದಾದ ಮೂರು ಆಯಾಮದ ನಕ್ಷೆಯಿತ್ತು. ಸ್ಕ್ಯಾನ್ ಮಾಡುವುದೂ ಇತ್ತು, ಆದರೆ ಅದರಿಂದ ಆ ಲೋಕದ ಇತಿಹಾಸ, ಅಳಿದುಹೋದ ಜನಾಂಗದ ಕಥೆ ತಿಳಿಯುತ್ತಿತ್ತು. ಓದುವ ಕುತೂಹಲದಿಂದಲೇ ಆಟಗಾರ ಸ್ಕ್ಯಾನ್ ಮಾಡುತ್ತಿದ್ದ. ಬ್ಲ್ಯಾಕ್‌ಗೇಟ್‌ನ ಸ್ಕ್ಯಾನ್ ಹೆಚ್ಚಿನ ಸಲ ‘ಇದನ್ನು ಒಡೆಯಬಹುದು’ ಎಂದಷ್ಟೇ ಹೇಳುತ್ತದೆ.

ಬಾಸ್‌ಗಳನ್ನು, ಅಂದರೆ ಜೋಕರ್‌ನಂಥ ಮುಖ್ಯ ಎದುರಾಳಿಗಳನ್ನು, ಮಣಿಸಲು ಮತ್ತೆ ಮತ್ತೆ ಸೋಲಬೇಕಾಗುತ್ತದೆ ಎಂಬ ದೂರನ್ನು ನಾನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಸೋತು ಸೋತು ಕಲಿಯಬೇಕು ಎಂಬುದು ಪ್ಲಾಟ್‌ಫಾರ್ಮರ್‌ಗಳ ಹಳೆಯ ಸ್ವಭಾವ.

ಪತ್ತೇದಾರಿಕೆ, ಆಕ್ಷನ್‌ಗಳ ಈ ಬೆರಕೆಯೇ ಆಗದ ಕೆಲಸ ಎಂದುಕೊಳ್ಳಬೇಡಿ. ಅದೇ 2013ರಲ್ಲಿ ಟಾಮ್ ಫ್ರಾನ್ಸಿಸ್ ಅವರ ‘ಗನ್‌ಪಾಯಿಂಟ್’ ಬಂತು. ನಾಯಕ ರಿಚರ್ಡ್ ಕಾನ್‌ವೇ ಬಾಡಿಗೆ ಗೂಢಚಾರ. ಕೊಲೆ ನಡೆದ ಜಾಗದಲ್ಲಿ ಅವನು ಕ್ಯಾಮೆರಾ ಕಣ್ಣಿಗೆ ಬಿದ್ದಿದ್ದಾನೆ. ಅವನ ಬಳಿಯಿರುವ ‘ಕ್ರಾಸ್‌ಲಿಂಕ್’ ಸಾಧನ ಕಟ್ಟಡದೊಳಗಿನ ವಿದ್ಯುತ್ ಸಂಪರ್ಕಗಳನ್ನು ತೋರಿಸುತ್ತದೆ. ಇಲ್ಲಿಯವರೆಗೆ ಡಿಟೆಕ್ಟಿವ್ ಮೋಡ್‌ಗೂ ಇದಕ್ಕೂ ವ್ಯತ್ಯಾಸವಿಲ್ಲ. ಆದರೆ ತೋರಿಸಿದ ಮೇಲೆ ಅದು ಸುಮ್ಮನಾಗುತ್ತದೆ. ದೀಪದ ಸ್ವಿಚ್ಚಿನಿಂದ ಬಾಗಿಲಿಗೆ ತಂತಿ ಎಳೆಯುವವರು ನೀವು. ಕಾವಲುಗಾರ ದೀಪ ಹಾಕಲು ಹೋಗಿ ತನಗೆ ಗೊತ್ತಿಲ್ಲದೆ ನಿಮಗೆ ಬಾಗಿಲು ತೆರೆಯುತ್ತಾನೆ. ಅಲ್ಲಿ ಯೋಚನೆ ಆಟಗಾರನದು. ವಿಮರ್ಶಕರು ಅದನ್ನು ಮೆಚ್ಚಿದ್ದಕ್ಕೂ, ಬೇಗ ಮುಗಿದುಹೋಗುತ್ತದೆ ಎಂದು ಕೊರಗಿದ್ದಕ್ಕೂ ಕಾರಣ ಇದೇ ಇರಬೇಕು.

ಹಾಗಾದರೆ ಬ್ಲ್ಯಾಕ್‌ಗೇಟ್ ಬೇಡವೇ? ಬ್ಯಾಟ್‌ಮನ್ ಮೇಲಿನ ಪ್ರೀತಿಯಿಂದ ಆಡುವುದಾದರೆ 2014ರಲ್ಲಿ ಕಂಪ್ಯೂಟರ್ ಮತ್ತು ದೊಡ್ಡ ಕನ್ಸೋಲ್‌ಗಳಿಗೆ ಬಂದ ಡಿಲಕ್ಸ್ ಆವೃತ್ತಿಯನ್ನು ಆರಿಸಿಕೊಳ್ಳಿ. ಅದರಲ್ಲಿ ಚಿತ್ರದ ಸ್ಪಷ್ಟತೆ ಹೆಚ್ಚಿದೆ, ನಕ್ಷೆಯನ್ನೂ ತಿದ್ದಿದ್ದಾರೆ. ಸ್ಕ್ಯಾನ್ ಮಾಡುತ್ತಾ ನಡೆಯುವ ಕ್ರಮ ಮಾತ್ರ ಮೊದಲಿನಂತೆಯೇ ಇದೆ. ತಲೆಗೆ ಕೆಲಸ ಬೇಕೆನ್ನುವವರು ನೀವಾದರೆ ಗನ್‌ಪಾಯಿಂಟ್‌ನಿಂದ ಶುರುಮಾಡಿ. ಮುಂದೆ ಇಂಥ ಯಾವುದೇ ಗೇಮ್‌ನ ವಿಮರ್ಶೆ ಓದುವಾಗ ಅಂಕ ನೋಡುವ ಮೊದಲು, ಸುಳಿವು ಸಿಕ್ಕ ಮೇಲೆ ಆಟಗಾರ ಏನು ಮಾಡಬೇಕಾಗುತ್ತದೆ ಎಂದು ವಿಮರ್ಶಕರು ಬರೆದ ಸಾಲನ್ನು ಹುಡುಕಿ.