ಷರತ್ತು ಸ್ಪಷ್ಟವಿದ್ದರೆ ಗಣ ಇರಲೇಬೇಕೇ?

ದಾವಣಗೆರೆಯ ಕಾಲೇಜುಗಳಲ್ಲಿ ಪ್ರಥಮ ಪಿಯುಸಿ ಗಣಿತ ಶುರುವಾಗುವುದೇ ಗಣಗಳಿಂದ: ಸುವ್ಯಾಖ್ಯಿತ (ಯಾವುದು ಸೇರುತ್ತದೆ, ಯಾವುದು ಸೇರದು ಎಂಬುದು ಸ್ಪಷ್ಟವಿರುವ) ವಸ್ತುಗಳ ಸಂಗ್ರಹವೇ ಗಣ. ಪರೀಕ್ಷೆಗೆ ಇಷ್ಟು ಸಾಕು, ಆದರೆ ಈ ಸಾಲಿನ ಬುಡ 1902ರಲ್ಲೇ ಅಲುಗಿದೆ.

ಗಣಕ್ಕೆ ಗುರುತು ಅದರ ಗಣಾಂಶಗಳು, ಅಂದರೆ ಅದರೊಳಗಿನ ವಸ್ತುಗಳು, ಮಾತ್ರ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ಅದರಲ್ಲಿತ್ತು, ಮುಂದೆ ಬಳ್ಳಾರಿಗೆ ಸೇರಿತು. ಜಿಲ್ಲೆ ಅದೇ ಜಿಲ್ಲೆಯಾಗಿ ಉಳಿಯಿತು. ತಾಲ್ಲೂಕುಗಳ ಗಣ ಮಾತ್ರ ಬೇರೆಯೇ ಆಯಿತು. ಹಾಗೆಯೇ ಜಗಳೂರು ಬೇರೆ, ಜಗಳೂರು ಒಂದೇ ಇರುವ ಗಣ ಬೇರೆ. ಮಕ್ಕಳು ಹೆಚ್ಚು ಎಡವುವುದು ಇಲ್ಲೇ.

ಬಿಡಿ ವಸ್ತುಗಳನ್ನು ಮನಸ್ಸಿನಲ್ಲಿ ಒಂದಾಗಿ ಕೂಡಿಸಿದ್ದೇ ಗಣ ಎಂದು ಗಣಿತಜ್ಞ ಕ್ಯಾಂಟರ್ 1895ರಲ್ಲಿ ಬರೆದರು. ತರ್ಕಶಾಸ್ತ್ರಜ್ಞ ಫ್ರೆಗೆ ಇನ್ನೂ ಮುಂದೆ ಹೋಗಿ, ಯಾವ ಷರತ್ತಿಗೂ ಅದಕ್ಕೆ ಹೊಂದುವವುಗಳ ಸಮೂಹ ಇದ್ದೇ ಇರುತ್ತದೆಂಬ ನಿಯಮದ ಮೇಲೆ ಅಂಕಗಣಿತವನ್ನೇ ಕಟ್ಟಲು ಹೊರಟರು. ಆ ಕೃತಿಯ ಎರಡನೇ ಸಂಪುಟ ಅಚ್ಚಿನಲ್ಲಿದ್ದಾಗ, 1902ರ ಜೂನ್‌ನಲ್ಲಿ, ತತ್ತ್ವಜ್ಞ ರಸೆಲ್ ಪತ್ರ ಬಂತು. ಅದರಲ್ಲಿದ್ದ ವಾದ ಹೀಗಿದೆ.

‘ತನಗೆ ತಾನು ಗಣಾಂಶವಲ್ಲ’ ಎಂಬ ಷರತ್ತು ತೆಗೆದುಕೊಳ್ಳಿ. ಅದಕ್ಕೆ ಹೊಂದುವ ಎಲ್ಲ ಗಣಗಳ ಗಣ ‘ರ’ ಇರಲಿ. ‘ರ’ ತನ್ನೊಳಗಿದ್ದರೆ ಷರತ್ತು ತಪ್ಪುತ್ತದೆ, ಆದ್ದರಿಂದ ಒಳಗಿರಬಾರದು. ಹೊರಗಿದ್ದರೆ ಷರತ್ತಿಗೆ ಹೊಂದುತ್ತದೆ, ಆದ್ದರಿಂದ ಒಳಗಿರಬೇಕು. ಷರತ್ತಿನಲ್ಲಿ ಮಸುಕು ಎಂಬುದೇ ಇಲ್ಲ, ಹಾಗಾಗಿ ‘ಸುವ್ಯಾಖ್ಯಿತ’ ಎಂಬ ಪದ ಇಲ್ಲಿ ಕಾಪಾಡದು.

ಗಣಿತಜ್ಞ ಜರ್ಮೆಲೊ 1908ರಲ್ಲಿ ಷರತ್ತಿನ ಅಧಿಕಾರವನ್ನೇ ಮೊಟಕು ಮಾಡಿದರು: ಮೊದಲೇ ಇರುವ ಗಣವೊಂದರಿಂದ ಆರಿಸಲು ಮಾತ್ರ ಅದನ್ನು ಬಳಸಬೇಕು. ಈಗ ‘ಅ’ ಎಂಬ ಯಾವುದೇ ಗಣದಿಂದ ತಮಗೆ ತಾವು ಗಣಾಂಶವಲ್ಲದವನ್ನು ಆರಿಸಿ ‘ಬ’ ಮಾಡಿ. ‘ಬ’ ಏನಾದರೂ ‘ಅ’ದಲ್ಲಿದ್ದರೆ ಹಳೆಯ ವಿರೋಧಾಭಾಸ ಮರಳುತ್ತದೆ, ಆದ್ದರಿಂದ ಅದು ‘ಅ’ದ ಹೊರಗೇ ಇದೆ. ಅಂದರೆ ಎಲ್ಲವನ್ನೂ ಒಳಗೊಂಡ ಗಣವೇ ಇಲ್ಲ. ಫ್ರೆಗೆಯ ಕಟ್ಟಡ ಕೆಡವಿದ ವಾದ ಇಲ್ಲಿ ಪ್ರಮೇಯವಾಯಿತು. ಇಡೀ ಇತಿಹಾಸದಲ್ಲಿ ಇದಕ್ಕಿಂತ ಸೊಗಸಾದ ತಿರುವು ಇನ್ನೊಂದಿಲ್ಲ.

ಆದರೂ ಈ ನಿರ್ಬಂಧ ಏಕೆ ಸರಿ? ಉತ್ತರ 1930ರಲ್ಲಿ ಜರ್ಮೆಲೊ ಕೊಟ್ಟ ಚಿತ್ರದಲ್ಲಿದೆ. ಗಣಗಳು ಹಂತಹಂತವಾಗಿ ಏರುತ್ತವೆ, ಪ್ರತಿ ಗಣವೂ ತನ್ನ ಗಣಾಂಶಗಳ ನಂತರದ ಹಂತದಲ್ಲಿರುತ್ತದೆ, ಕೊನೆಯ ಹಂತವಿಲ್ಲ. ಕಾಲವೇ ಇಲ್ಲದ ವಸ್ತುಗಳಿಗೆ ‘ನಂತರ’ ಎಂದರೇನು? ಗಣ ತನ್ನ ಗಣಾಂಶಗಳನ್ನು ಆಧರಿಸಿ ನಿಂತಿದೆ ಎನ್ನುವವರಿದ್ದಾರೆ. ಆ ಆಧಾರ ಯಾವ ಬಗೆಯದು ಎಂಬ ಚರ್ಚೆ ಮುಗಿದಿಲ್ಲ.

ಗಣವೊಂದರ ಗಣಾಂಶಗಳಿಂದಷ್ಟೇ ಆದ ಗಣ ಅದರ ಉಪಗಣ. ಹಂತ ಏರುವಾಗ ಹಿಂದಿನ ಹಂತದ ಎಲ್ಲ ಉಪಗಣಗಳೂ ಬರಬೇಕು. ಇನ್ನೊಂದು ತೊಡಕು ಈ ‘ಎಲ್ಲ ಉಪಗಣಗಳು’ ಎಂಬ ಮಾತಿನಲ್ಲಿದೆ. ಸ್ವಾಭಾವಿಕ ಸಂಖ್ಯೆಗಳಿಗೆ ಎಷ್ಟು ಉಪಗಣಗಳು? ಅವುಗಳ ಅನಂತ ಸ್ವಾಭಾವಿಕ ಸಂಖ್ಯೆಗಳದ್ದಕ್ಕಿಂತ ದೊಡ್ಡದೆಂದು ಕ್ಯಾಂಟರ್ ಸಾಧಿಸಿದ್ದರು. ಇವೆರಡರ ನಡುವೆ ಬೇರೊಂದು ಅನಂತವಿಲ್ಲ ಎಂಬುದು ಅವರ ಊಹೆ. ಗಣಗಳ ಬಗ್ಗೆ ಇಂದು ಒಪ್ಪಿರುವ ಮೂಲತತ್ವಗಳು ಸುಸಂಗತವಾಗಿದ್ದರೆ (ಅವುಗಳಿಂದ ವಿರೋಧಾಭಾಸ ಹುಟ್ಟದಿದ್ದರೆ) ಈ ಊಹೆಯನ್ನು ಅವುಗಳಿಂದ ಅಲ್ಲಗಳೆಯಲಾಗದು ಎಂದು ತರ್ಕಶಾಸ್ತ್ರಜ್ಞ ಗೋಡೆಲ್ 1938ರಲ್ಲೂ, ಸಾಧಿಸಲೂ ಆಗದು ಎಂದು ಗಣಿತಜ್ಞ ಕೋಹೆನ್ 1963ರಲ್ಲೂ ತೋರಿಸಿದರು.